ನಡುಹಗಲ ನೆರಳಿನಿಂದ ಅಕ್ಷಾಂಶ ಕಲಿಸಿದ ಬಗೆ

ವಿಜಯಪುರದ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಮತ್ತು ಸಮಾಜ ಎರಡನ್ನೂ ನಾನೇ ಕಲಿಸುತ್ತಿರುವುದರಿಂದ, ಒಂದೇ ವಿಷಯವು ಎರಡು ಪುಸ್ತಕಗಳಲ್ಲಿ ತುಂಡು ತುಂಡಾಗಿ ಬರುವುದು ನನಗೆ ಎದ್ದು ಕಾಣುತ್ತದೆ. ಅಕ್ಷಾಂಶ ಭೂಗೋಳದಲ್ಲಿ, ಬೆಳಕಿನ ಸರಳರೇಖಾ ಚಲನೆ ವಿಜ್ಞಾನದಲ್ಲಿ, ಪರ್ಯಾಯ ಕೋನಗಳು ಗಣಿತದಲ್ಲಿ ಇರುತ್ತವೆ. ಮಕ್ಕಳು ಮೂರಕ್ಕೂ ಸರಿಯುತ್ತರ ಬರೆಯುತ್ತಾರೆ. ಆದರೆ ಸೂರ್ಯನು ದಿನವೂ ಹನ್ನೆರಡು ಗಂಟೆಗೆ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆಂದು ಅವರಲ್ಲಿ ಹೆಚ್ಚಿನವರು ನಂಬಿರುತ್ತಾರೆ. ಈ ನಂಬಿಕೆಯನ್ನು ಮಾತಿನಿಂದ ಅಲುಗಾಡಿಸಲು ಆಗದು ಎಂಬುದು ಖಚಿತವಾದ ಮೇಲೆ, ಅಂಗಳದಲ್ಲಿ ಒಂದು ಸರಳು ನೆಟ್ಟು ವರ್ಷವಿಡೀ ನೆರಳು ಅಳೆಯುವ ಕ್ರಮವನ್ನು ಆರಂಭಿಸಿದೆ.

ನಮ್ಮ ಅಂಗಳ ಎರೆಮಣ್ಣಿನದು. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಆದ್ದರಿಂದ ಸಿಮೆಂಟಿನ ಸಮತಟ್ಟಾದ ಜಾಗವನ್ನೇ ಆರಿಸಿಕೊಂಡು, ಗೌಂಡಿಗಳು ಗೋಡೆಯ ನೇರ ನೋಡುವ ತೂಗುಗುಂಡಿನಿಂದ ಸರಳನ್ನು ಲಂಬವಾಗಿ ನಿಲ್ಲಿಸಿದೆವು. ಸೂರ್ಯನು ಬಿಂದುವಲ್ಲ, ಸುಮಾರು ಅರ್ಧ ಡಿಗ್ರಿ ಅಗಲದ ಬಿಂಬ. ಹೀಗಾಗಿ ಒಂದು ಮೀಟರ್ ಎತ್ತರದ ಸರಳಿನ ನೆರಳಿನ ತುದಿಯು ಸುಮಾರು ಒಂದು ಸೆಂಟಿಮೀಟರ್‌ನಷ್ಟು ಮಸುಕಾಗಿರುತ್ತದೆ, ಅದು ಎಲ್ಲಿ ಮುಗಿಯಿತೆಂದು ಮಕ್ಕಳು ಜಗಳವಾಡುತ್ತಾರೆ. ಸರಳಿನ ತುದಿಗೆ ಒಂದು ನಟ್ ಕೂಡಿಸಿ, ಎತ್ತರವನ್ನು ನಟ್ಟಿನ ನಡುವಿನವರೆಗೆ ಒಂದು ಮೀಟರ್ ಎಂದಿಟ್ಟುಕೊಂಡು, ನೆರಳಿನಲ್ಲಿಯೂ ನಟ್ಟಿನ ನಡುವನ್ನೇ ಗುರುತಿಸತೊಡಗಿದಾಗ ಆ ಜಗಳ ಬಹುಮಟ್ಟಿಗೆ ನಿಂತಿತು.

ಉತ್ತರ ದಿಕ್ಕನ್ನು ದಿಕ್ಸೂಚಿಯಿಂದಲ್ಲ, ಯಜ್ಞವೇದಿಯ ಅಳತೆಗಳನ್ನು ಹೇಳುವ ಪ್ರಾಚೀನ ಗ್ರಂಥಗಳಾದ ಶುಲ್ಬಸೂತ್ರಗಳಲ್ಲಿ ಹೇಳಿರುವ ವೃತ್ತದ ವಿಧಾನದಿಂದ ಕಂಡುಕೊಂಡೆವು. ಸರಳನ್ನು ಕೇಂದ್ರವಾಗಿಸಿ ವೃತ್ತವೊಂದನ್ನು ಎಳೆದು, ಮುಂಜಾನೆ ನೆರಳಿನ ತುದಿ ವೃತ್ತದ ಒಳಗೆ ಬರುವ ಬಿಂದುವನ್ನೂ ಮಧ್ಯಾಹ್ನ ಹೊರಗೆ ಹೋಗುವ ಬಿಂದುವನ್ನೂ ಗುರುತಿಸಿ ಕೂಡಿಸಿದರೆ ಅದು ಪೂರ್ವ-ಪಶ್ಚಿಮ ರೇಖೆ. ಅದಕ್ಕೆ ಸರಳಿನ ಬುಡದಿಂದ ಎಳೆದ ಲಂಬವೇ ಉತ್ತರ-ದಕ್ಷಿಣ ರೇಖೆ. ನೆರಳು ಅತಿ ಚಿಕ್ಕದಾಗುವ ಗಳಿಗೆಯನ್ನು ಅಳತೆಪಟ್ಟಿಯಿಂದ ಹಿಡಿಯುವುದು ಕಷ್ಟ, ಏಕೆಂದರೆ ಆ ಹೊತ್ತಿನಲ್ಲಿ ಅದರ ಉದ್ದ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ನೆರಳು ಈ ರೇಖೆಯನ್ನು ದಾಟುವ ಗಳಿಗೆಯನ್ನಾದರೋ ಆರನೆಯ ತರಗತಿಯವರೂ ತಪ್ಪದೆ ಹೇಳಬಲ್ಲರು.

ಆ ಗಳಿಗೆ ಹನ್ನೆರಡಕ್ಕೆ ಬರಲಿಲ್ಲ ಎಂಬುದೇ ಮೊದಲ ಪಾಠ. ಭಾರತದ ಗಡಿಯಾರವು 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ವಿಜಯಪುರವು ಸುಮಾರು 75.7 ಡಿಗ್ರಿಯಲ್ಲಿದೆ. ಒಂದು ಡಿಗ್ರಿಗೆ 4 ನಿಮಿಷದಂತೆ ನಮ್ಮ ನಡುಹಗಲು ಸರಾಸರಿ 27 ನಿಮಿಷ ತಡ. ಭೂಮಿಯ ಕಕ್ಷೆ ದೀರ್ಘವೃತ್ತವಾಗಿರುವುದರಿಂದಲೂ ಅಕ್ಷ ವಾಲಿರುವುದರಿಂದಲೂ ಇದು ನವೆಂಬರ್ ಆರಂಭದಲ್ಲಿ 12.11ರ ಸುಮಾರಿಗೆ, ಫೆಬ್ರುವರಿ ನಡುವಿನಲ್ಲಿ 12.41ರ ಸುಮಾರಿಗೆ ಬರುತ್ತದೆ. ಇದರ ವಿವರಣೆಯನ್ನು ನಾನು ಈ ತರಗತಿಗಳಲ್ಲಿ ಬೆಳೆಸುವುದಿಲ್ಲ. ಬಿಸಿಯೂಟದ ಗಂಟೆಗೆ ಮೊದಲೇ ಅಳತೆ ಮುಗಿಯುತ್ತದೆ ಎಂಬುದಷ್ಟೇ ನಮಗೆ ಅನುಕೂಲವಾದ ಸಂಗತಿ.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡುವುದು ಮಾರ್ಚ್ 21ರ ಆಸುಪಾಸಿನ ಅಳತೆಗೆ. ಪರೀಕ್ಷೆಯ ತಿಂಗಳಾದರೂ ಆಗಿನ ಬಿಸಿಲು ಕೈಕೊಡುವುದಿಲ್ಲ. ಅಂದು ಸೂರ್ಯನು ಸಮಭಾಜಕ ವೃತ್ತದ ನೆತ್ತಿಯ ಮೇಲಿರುತ್ತಾನೆ. ಅವನ ಕಿರಣಗಳು ನಮ್ಮಲ್ಲಿಗೂ ಅಲ್ಲಿಗೂ ಸಮಾಂತರವಾಗಿಯೇ ಬರುತ್ತವೆ. ನಮ್ಮ ಸರಳಿಗೂ ಕಿರಣಕ್ಕೂ ನಡುವಿನ ಕೋನವು, ಭೂಮಿಯ ಕೇಂದ್ರದಲ್ಲಿ ವಿಜಯಪುರಕ್ಕೂ ಸಮಭಾಜಕ ವೃತ್ತಕ್ಕೂ ನಡುವೆ ಇರುವ ಕೋನಕ್ಕೆ ಪರ್ಯಾಯ ಕೋನವಾಗುತ್ತದೆ. ಒಂದು ಮೀಟರಿಗೆ ನೆರಳು ಸುಮಾರು 30 ಸೆಂಟಿಮೀಟರ್ ಬರುತ್ತದೆ. ತ್ರಿಕೋನಮಿತಿ ತಿಳಿಯದ ಮಕ್ಕಳು ಹತ್ತರಲ್ಲೊಂದರ ಪ್ರಮಾಣದಲ್ಲಿ ಲಂಬಕೋನ ತ್ರಿಭುಜ ಬರೆದು, ಕೋನಮಾಪಕವಿಟ್ಟು 17 ಡಿಗ್ರಿಗೆ ಹತ್ತಿರದ ಉತ್ತರವನ್ನು ಪಡೆಯುತ್ತಾರೆ. ಭೂಪಟದಲ್ಲಿ ವಿಜಯಪುರದ ಅಕ್ಷಾಂಶ 16.8. ಪಂಚಾಂಗದವರು ಹನ್ನೆರಡು ಅಂಗುಲದ ಶಂಕುವಿನ, ಎಂದರೆ ನೆಟ್ಟ ಕಡ್ಡಿಯ, ವಿಷುವದಿನದ (ಹಗಲಿರುಳು ಸಮವಾಗುವ ದಿನದ) ನೆರಳನ್ನು ಪಲಭಾ ಎಂದು ಕರೆದು ಊರಿನ ಸ್ಥಾನವನ್ನು ಲೆಕ್ಕಕ್ಕೆ ತರುತ್ತಿದ್ದುದು ಇದೇ ಅಳತೆ. ನಮ್ಮ ಊರಿಗೆ ಅದು ಮೂರೂವರೆ ಅಂಗುಲಕ್ಕಿಂತ ತುಸು ಹೆಚ್ಚು.

ಅದೇ ದಿನ ಮೈಸೂರಿನಲ್ಲಿ ಶಿಕ್ಷಕರಾಗಿರುವ ಗೆಳೆಯರೊಬ್ಬರಿಂದ ಅಲ್ಲಿಯ ನೆರಳನ್ನು ಅಳೆಯಿಸಿದೆ. ಅವರಲ್ಲಿ 21.5, ನಮ್ಮಲ್ಲಿ 30.5 ಸೆಂಟಿಮೀಟರ್ ಬಂದಿತು. ಕೋನಗಳ ವ್ಯತ್ಯಾಸ 4.8 ಡಿಗ್ರಿ. ಬಸ್ಸಿನ ದಾರಿ ಬಳಸಿ ಹೋಗುವುದರಿಂದ ಆ ದೂರ ಇಲ್ಲಿ ಉಪಯೋಗಕ್ಕೆ ಬಾರದು. ಗೋಡೆಯ ಭೂಪಟದಲ್ಲಿ ನೇರ ಉತ್ತರ-ದಕ್ಷಿಣವಾಗಿ ಅಳೆದಾಗ 500 ಕಿಲೋಮೀಟರ್ ಆಯಿತು. 4.8 ಡಿಗ್ರಿಗೆ 500 ಆದರೆ 360 ಡಿಗ್ರಿಗೆ 37,500 ಕಿಲೋಮೀಟರ್. ಧ್ರುವಗಳ ಮೂಲಕ ಭೂಮಿಯ ನಿಜವಾದ ಸುತ್ತಳತೆ ಸುಮಾರು 40,000. ಎರಡು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ತನೀಸ್ ಮಾಡಿದ ಲೆಕ್ಕದ ತರ್ಕವೂ ಇದೇ. ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಸುತ್ತಳತೆ ಎಷ್ಟು ಕದಲುತ್ತದೆಂದು ಮಕ್ಕಳೇ ಮತ್ತೆ ಲೆಕ್ಕ ಹಾಕಿದ್ದು, ನನ್ನ ದೃಷ್ಟಿಯಲ್ಲಿ, ಉತ್ತರಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ಡಿಸೆಂಬರ್ 22ರ ಹೊತ್ತಿಗೆ ನೆರಳು ವರ್ಷದಲ್ಲೇ ಉದ್ದವಾಗಿ 85 ಸೆಂಟಿಮೀಟರ್‌ಗೆ ಹತ್ತಿರ ಬರುತ್ತದೆ. ಸಂಕ್ರಾಂತಿಗೆ ನಡೆಯುವ ನಮ್ಮೂರಿನ ಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ ಅದು ಆಗಲೇ 78ಕ್ಕೆ ಇಳಿದಿರುವುದನ್ನು ಕಂಡು ಬಾಲಕಿಯೊಬ್ಬಳು, "ಸರ್, ಉತ್ತರಾಯಣ ಸಂಕ್ರಮಣಕ್ಕ ಅಲ್ಲೇನ್ರಿ?" ಎಂದು ಕೇಳಿದಳು. ಹಬ್ಬವನ್ನು ಹೀಗಳೆಯದೆ ಉತ್ತರಿಸಬೇಕಾದ ಪ್ರಶ್ನೆ ಇದು. ಭೂಮಿಯ ಅಕ್ಷವು ನಿಧಾನವಾಗಿ ದಿಕ್ಕು ಬದಲಿಸುವುದರಿಂದ ಸೂರ್ಯನು ಉತ್ತರಕ್ಕೋ ದಕ್ಷಿಣಕ್ಕೋ ತಿರುಗುವ ಅಯನಬಿಂದುಗಳು ಸುಮಾರು 72 ವರ್ಷಕ್ಕೆ ಒಂದು ಡಿಗ್ರಿಯಂತೆ ನಕ್ಷತ್ರಗಳ ನಡುವೆ ಹಿಂದೆ ಸರಿಯುತ್ತವೆ. ಪಂಚಾಂಗದ ಮಕರ ರಾಶಿ ನಕ್ಷತ್ರಗಳನ್ನು ಆಧರಿಸಿದ್ದು, ನೆರಳು ಸೂರ್ಯನ ಅಯನವನ್ನು ಆಧರಿಸಿದ್ದು. ಒಂದು ಕಾಲಕ್ಕೆ ಕೂಡಿಯೇ ಬರುತ್ತಿದ್ದ ಇವೆರಡರ ನಡುವೆ ಈಗ ಸುಮಾರು 24 ಡಿಗ್ರಿಗಳ ಅಂತರವಿದೆ.

ಜೂನ್ ತಿಂಗಳಲ್ಲಿ ಶಾಲೆ ಆರಂಭವಾದಾಗ ನೆರಳು ಬುಡದಿಂದ ದಕ್ಷಿಣಕ್ಕೆ ಬಿದ್ದಿರುತ್ತದೆ. ಜೂನ್ 21ಕ್ಕೆ 12 ಸೆಂಟಿಮೀಟರ್‌ನಷ್ಟು. ಸೂರ್ಯನು ನಮಗಿಂತ ಉತ್ತರಕ್ಕೆ ಹೋಗಿದ್ದಾನೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮಕರ ಸಂಕ್ರಾಂತಿ ವೃತ್ತಕ್ಕೂ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೂ ನಡುವೆ ಇರುವ ನಮ್ಮಂಥ ಊರುಗಳಲ್ಲಿ ಮಾತ್ರ ನಡುಹಗಲ ನೆರಳು ವರ್ಷಕ್ಕೆ ಎರಡು ಸಲ ಇಲ್ಲವಾಗುತ್ತದೆ. ದೆಹಲಿಯಲ್ಲಿ ಎಂದಿಗೂ ಆಗುವುದಿಲ್ಲ. ವಿಜಯಪುರದಲ್ಲಿ ಆ ದಿನಗಳು ಮೇ 7 ಮತ್ತು ಆಗಸ್ಟ್ 5ರ ಆಸುಪಾಸು. ಮೇ ರಜೆಯ ತಿಂಗಳು, ಆಗಸ್ಟ್ ಮೋಡದ ತಿಂಗಳು. ಆದರೆ ಒಂದು ಮೀಟರ್ ಸರಳಿನ ನೆರಳು ಆಗ ದಿನಕ್ಕೆ ಅರ್ಧ ಸೆಂಟಿಮೀಟರ್ ಮಾತ್ರ ಬದಲಾಗುವುದರಿಂದ, ಹಿಂದುಮುಂದಿನ ಎರಡು ಮೂರು ದಿನಗಳಲ್ಲಿ ಯಾವಾಗ ಬಿಸಿಲು ಬಿದ್ದರೂ ಸಾಕು, ಆಗಸ್ಟಿನಲ್ಲಿ 12.33ರ ಸುಮಾರಿಗೆ ಮಕ್ಕಳನ್ನು ಹೊರಗೆ ನಿಲ್ಲಿಸಬೇಕು. ಬಾಗಲಕೋಟೆಯು ಹೆಚ್ಚುಕಡಿಮೆ ನಮ್ಮದೇ ರೇಖಾಂಶದಲ್ಲಿರುವುದರಿಂದ ಅಲ್ಲಿಯವರು ಆಗಸ್ಟ್ 8ರ ಸುಮಾರಿಗೆ ಇದೇ ಹೊತ್ತನ್ನು ಹಿಡಿಯಬಹುದು. ಬೆಳಗಾವಿಯಲ್ಲಿ ಅದು ಆಗಸ್ಟ್ 9ರ ಸುಮಾರಿಗೆ, ನಾಲ್ಕೈದು ನಿಮಿಷ ತಡವಾಗಿ ಬರುತ್ತದೆಯಾದರೂ ಅಲ್ಲಿಯ ಮಳೆಯನ್ನು ನೋಡಿದರೆ ಮೇ ತಿಂಗಳ ಮೊದಲ ವಾರದಲ್ಲಿ, 12.30ರ ಹೊತ್ತಿಗೆ, ಮನೆಯ ಅಂಗಳದಲ್ಲೇ ಅಳೆದು ಬರೆದಿಡುವಂತೆ ಮಕ್ಕಳಿಗೆ ರಜೆಯ ಕೆಲಸವಾಗಿ ಕೊಡುವುದೇ ಒಳ್ಳೆಯದು.