ಕ್ಲಾಸ್ ಆರಿಸುವ ಮೊದಲು: ಆರ್‌ಪಿಜಿಗೆ ಹೊಸಬರಿಗೆ

ಆಟ ಹೇಗೆಂದೇ ಗೊತ್ತಿಲ್ಲದ ಹೊತ್ತಿನಲ್ಲಿ ‘ಯಾವ ಕ್ಲಾಸ್?’ (ಯೋಧನೋ, ಮಂತ್ರವಾದಿಯೋ, ಪಾತ್ರದ ಕಸುಬು ಯಾವುದು) ಎಂದು ಕೇಳುವುದು ಆರ್‌ಪಿಜಿಗಳ, ಅಂದರೆ ಒಂದು ಪಾತ್ರವನ್ನು ಕಟ್ಟಿ ಬೆಳೆಸುತ್ತಾ ಆಡುವ ವಿಡಿಯೋ ಗೇಮ್‌ಗಳ, ಹಳೇ ಚಾಳಿ. ಹೆಚ್ಚಿನವರು ಟೊಪ್ಪಿ, ಕತ್ತಿ, ನಿಲುವಂಗಿಯ ಚಂದ ನೋಡಿ ಒತ್ತಿಬಿಡುತ್ತಾರೆ.

ಅದಕ್ಕಿಂತ ಮೊದಲು, ಕ್ಲಾಸ್ ಆಮೇಲೆ ಬದಲಾಯಿಸಲಿಕ್ಕೆ ಆಗುತ್ತದಾ ಎಂದು ನೋಡಿ. ಬಾಲ್ಡರ್ಸ್ ಗೇಟ್ 3ರಲ್ಲಿ (2023) ಕ್ಲಾಸ್ 12 ಉಂಟು. ಕ್ಯಾಂಪಿನಲ್ಲಿ ನಿಲ್ಲುವ ವಿದರ್ಸ್ ಎಂಬ ಪಾತ್ರಕ್ಕೆ 100 ಚಿನ್ನದ ನಾಣ್ಯ ಕೊಟ್ಟರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಪಾತ್ರದ ಕುಲ ಬದಲಾಗುವುದಿಲ್ಲ, ತಲೆ ಕೆಡಿಸಿಕೊಳ್ಳುವುದಾದರೆ ಅದಕ್ಕೆ ಕೆಡಿಸಿಕೊಳ್ಳಿ. ಎಲ್ಡನ್ ರಿಂಗ್‌ನ (2022) 10 ಕ್ಲಾಸ್‌ಗಳು ಆರಂಭದ ಅಂಕ (ಬಲ, ಬುದ್ಧಿ ಮುಂತಾದ ಗುಣಗಳ ಲೆಕ್ಕ) ಮತ್ತು ಸಾಮಾನು ಮಾತ್ರ. ಕತ್ತಿ ಹಿಡಿಯುವ ವ್ಯಾಗಬಾಂಡ್ ಆಗಿ ಹೊರಟವನೂ ಮುಂದೆ ಮಂತ್ರ ಕಲಿಯಬಹುದು. ರೆಚ್ ಎಂಬ ಕ್ಲಾಸ್ ಮಾತ್ರ ಮೊದಲ ಸಲಕ್ಕೆ ಬೇಡ: ಲೆವೆಲ್ 1, ಎಲ್ಲ ಅಂಕ 10, ಕೈಯಲ್ಲಿ ಒಂದು ದೊಣ್ಣೆ, ಮೈಮೇಲೆ ಕವಚವಿಲ್ಲ. ಡಯಾಬ್ಲೊ 4ರಲ್ಲಿ ಸ್ಕಿಲ್ ವಾಪಸ್ ತೆಗೆಯಬಹುದು, ಕ್ಲಾಸ್ ಬದಲಿಸಲಿಕ್ಕಿಲ್ಲ. ಅಲ್ಲಿ ಮಾತ್ರ ನಿಧಾನವಾಗಿ ಯೋಚಿಸಿ.

ಇನ್ನು ಆಯ್ಕೆಗೆ ಬರುವ. ಹೆಸರಿಗಿಂತ, ಜಗಳದಲ್ಲಿ ನಿಮ್ಮ ಸರದಿ ಬಂದಾಗ ಕೈ ಏನು ಮಾಡುತ್ತದೆ ಎಂಬುದೇ ಕ್ಲಾಸ್. ಬಾಲ್ಡರ್ಸ್ ಗೇಟ್ ಲೆಕ್ಕವನ್ನೇ ತೆಗೆದುಕೊಳ್ಳಿ. ಕಾನ್‌ಸ್ಟಿಟ್ಯೂಷನ್ (ದೇಹದ ತಾಳಿಕೆ) 14 ಇಟ್ಟರೆ ಲೆವೆಲ್ 1ರಲ್ಲಿ ಫೈಟರ್‌ಗೆ ಜೀವ 12, ಮಂತ್ರ ಹಾಕುವ ವಿಝರ್ಡ್‌ಗೆ 8. ವಿಝರ್ಡ್‌ಗೆ ಸ್ಪೆಲ್ ಸ್ಲಾಟ್ (ಮಂತ್ರ ಹಾಕಿದಾಗ ಖರ್ಚಾಗುವ ಲೆಕ್ಕ) ಎರಡೇ. ಮೇಜ್ ಆರ್ಮರ್ ಎಂಬ ರಕ್ಷಣೆಯ ಮಂತ್ರ ಹಾಕಿಕೊಂಡರೆ ಉಳಿಯುವುದು ಒಂದು. ಆದರೆ ಹಾಕದೆ ಹೋದರೆ, ಡೆಕ್ಸ್‌ಟೆರಿಟಿ (ಚುರುಕುತನ) 14 ಇದ್ದರೂ ರಕ್ಷಣೆ 12, ಹಾಕಿದರೆ 15. ಹೊಸಬರ ವಿಝರ್ಡ್ ಎರಡು ಪೆಟ್ಟಿಗೆ ಮಲಗುವುದು ಹೆಚ್ಚಾಗಿ ಇದೊಂದನ್ನು ಮರೆತು. ಇಡೀ ರಾತ್ರಿಯ ಯಕ್ಷಗಾನದಲ್ಲಿ ಬಣ್ಣದ ವೇಷ ತಡವಾಗಿ ರಂಗಕ್ಕೆ ಬಂದ ಹಾಗೆ, ವಿಝರ್ಡ್‌ನ ಅಬ್ಬರ ಲೆವೆಲ್ 5ರಲ್ಲಿ ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರ ಸಿಕ್ಕಿದ ಮೇಲೆ. ಅಲ್ಲಿವರೆಗೆ ಕಾಯುವ ತಾಳ್ಮೆ ಇದ್ದವರಿಗೆ ಅದು. ಪ್ರತಿ ಸರದಿಗೂ ಎಂತಾದರೂ ಬಾರಿಸಬೇಕು ಎನ್ನುವವರು ಫೈಟರ್ ಅಥವಾ ಬಾರ್ಬೇರಿಯನ್ ತೆಗೆದುಕೊಳ್ಳಿ. ಮಂತ್ರವೂ ಬೇಕು, ಉಳಿಸಿ ಉಳಿಸಿ ಬಳಸುವ ಲೆಕ್ಕಾಚಾರ ಬೇಡ ಎಂದರೆ ವಾರ್‌ಲಾಕ್. ಅವನಿಗೆ ಸ್ಲಾಟ್ ಕಡಿಮೆ, ಆದರೆ ಶಾರ್ಟ್ ರೆಸ್ಟ್‌ನಲ್ಲೇ (ನಡುವಿನ ಸಣ್ಣ ವಿಶ್ರಾಂತಿ) ತುಂಬಿಕೊಳ್ಳುತ್ತದೆ. ಎರಡು ಲಾಂಗ್ ರೆಸ್ಟ್‌ಗಳ (ಕ್ಯಾಂಪಿನಲ್ಲಿ ಇಡೀ ರಾತ್ರಿಯ ನಿದ್ದೆ) ನಡುವೆ ಅಂಥ ಶಾರ್ಟ್ ರೆಸ್ಟ್ ಎರಡು ಸಿಗುತ್ತದೆ.

ಪಾರ್ಟಿ ನಾಲ್ಕು ಜನರದ್ದು. ಜೊತೆಗಾರರಲ್ಲಿ ಫೈಟರ್, ಕ್ಲೆರಿಕ್, ವಿಝರ್ಡ್, ರೋಗ್, ವಾರ್‌ಲಾಕ್, ಬಾರ್ಬೇರಿಯನ್ ಬೇಗನೇ ಸಿಗುತ್ತಾರೆ. ಬಾರ್ಡ್, ಸಾರ್ಸರರ್, ಮಂಕ್ ಯಾರೂ ಇಲ್ಲ. ಖಾಲಿ ಜಾಗ ತುಂಬುವುದಾದರೆ ನಮ್ಮ ಮತ ಬಾರ್ಡ್‌ಗೆ, ಅಂದರೆ ಹಾಡುಗಾರನಿಗೆ. ಊರ ಜನರ ಹತ್ತಿರ ಮಾತಾಡುವುದು ಹೆಚ್ಚಾಗಿ ನಿಮ್ಮ ಪಾತ್ರವೇ, ಬಾರ್ಡ್‌ನ ಮುಖ್ಯ ಅಂಕ ಕರಿಸ್ಮಾ (ಮಾತಿನ ಮೋಡಿ).

ಅಂಕ ಹಂಚುವಾಗ ಬೆಸ ಸಂಖ್ಯೆಯಲ್ಲಿ ನಿಲ್ಲಿಸಬೇಡಿ: 14ಕ್ಕೂ 15ಕ್ಕೂ ಬೋನಸ್ +2 ಮಾತ್ರ, 16ಕ್ಕೆ +3. ಮುಖ್ಯ ಅಂಕ 17 ಇಟ್ಟು ಲೆವೆಲ್ 4ರಲ್ಲಿ ಸಿಗುವ ಫೀಟ್‌ನಲ್ಲಿ (ಹೆಚ್ಚುವರಿ ಸಾಮರ್ಥ್ಯದ ಆಯ್ಕೆ) 18 ಮಾಡುವುದು ಸರಿ. ಎರಡು ಕ್ಲಾಸ್ ಬೆರೆಸುವ ಆಸೆ ಇದ್ದರೆ ಮೊದಲನೆಯದು 5 ಮುಟ್ಟಲಿ. ಫೈಟರ್, ಪಾಲಡಿನ್, ಬಾರ್ಬೇರಿಯನ್‌ಗಳಿಗೆ ಎರಡನೇ ಹೊಡೆತ ಸಿಗುವುದು ಅಲ್ಲೇ. ಒಟ್ಟು ಲೆವೆಲ್ 12ಕ್ಕೇ ಮುಗಿಯುತ್ತದೆ.

ಆನ್‌ಲೈನ್ ಆಟದ ಕಥೆ ಬೇರೆ. ಗುಡುಗು ಕೇಳಿದ ಕೂಡಲೇ ರೌಟರ್‌ನ ಪ್ಲಗ್ ಎಳೆಯುವ ಊರು ನಮ್ಮದು. ಮಂಗಳೂರಾಗಲಿ, ಉಡುಪಿಯಾಗಲಿ, ಆಟಿ ತಿಂಗಳಲ್ಲಿ ಟ್ಯಾಂಕ್ (ಮುಂದೆ ನಿಂತು ಪೆಟ್ಟು ತಿನ್ನುವವ) ಅಥವಾ ಹೀಲರ್ (ಜೀವ ತುಂಬುವವ) ಹಿಡಿದರೆ ಲೈನ್ ಹೋದಾಗ ಇಡೀ ತಂಡ ಮಗುಚುತ್ತದೆ. ಪೆಟ್ಟು ಕೊಡುವ ಕ್ಲಾಸ್ ಆದರೆ ನಷ್ಟ ಒಬ್ಬನದ್ದೇ.

ಇಷ್ಟಾಗಿಯೂ ಗೊಂದಲ ಇದ್ದರೆ ಲೆವೆಲ್ 5ರವರೆಗೆ ಫೈಟರ್‌ನಲ್ಲಿ ಹೋಗಿ. ಮುಂದೆ ದೊಡ್ಡ ಜಗಳ ಉಂಟು ಅನ್ನುವಾಗ ಎಫ್5 ಒತ್ತಿ ಸೇವ್ ಮಾಡಿ, ಕ್ಯಾಂಪಿಗೆ ಹೋಗಿ ವಿದರ್ಸ್‌ನಿಂದ ಕ್ಲಾಸ್ ಬದಲಿಸಿ, ಅದೇ ಜಗಳ ಆಡಿ. ಆಗಲಿಲ್ಲವಾ, ಎಫ್8 ಒತ್ತಿ ಆ ಸೇವ್‌ಗೆ ಮರಳಿ: ಪಾತ್ರವೂ ವಾಪಸ್, 100 ನಾಣ್ಯವೂ ವಾಪಸ್. ಹಾನರ್ ಮೋಡ್ ಎಂಬ ಅತಿ ಕಷ್ಟದ ಹಂತದಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಇರುವುದು ಒಂದೇ ಸೇವ್.