ಗಾಳ ಕೊಂಡೆ, ಉಳಿದಿದ್ದೆಲ್ಲಾ ಮನೆಯಲ್ಲೇ ಆಯ್ತು

ಹಾಸನದಲ್ಲಿ ಫೈಬರ್ ರಾಡು, ರೀಲು ಎರಡರ ಬೆಲೆ ಕೇಳಿ ಸುಮ್ನೆ ವಾಪಸ್ ಬಂದವನು ನಾನು. ಬಿಡುವಿದ್ದಾಗ ಹೇಮಾವತಿ ಹಿನ್ನೀರಿನ ದಡದಲ್ಲಿ ಕೂತು ನಾಲ್ಕು ಜಿಲೇಬಿ ಮೀನು ಹಿಡಿಯೋಕೆ ಅಷ್ಟು ದುಡ್ಡು ಯಾಕೆ, ಅಲ್ವಾ?

ಹಾಗಂತ ಎಲ್ಲವನ್ನೂ ಮನೆಯಲ್ಲೇ ಮಾಡೋಕೆ ಹೋಗಬೇಡಿ. ಗಾಳ ಮತ್ತು ನೈಲಾನ್ ದಾರ, ಇವೆರಡನ್ನು ನಾನು ಅಂಗಡಿಯಲ್ಲೇ ಕೊಳ್ಳುತ್ತೇನೆ. ಗಾಳದ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಜಾರಿದರೆ ಮೊಂಡು, ಕಚ್ಚಿಕೊಂಡರೆ ಸರಿ. ಗುಂಡುಸೂಜಿ ಬಗ್ಗಿಸಿ ಗಾಳ ಮಾಡೋದು ಮಕ್ಕಳಾಟ. ಅದಕ್ಕೆ ಹಿಮ್ಮುಳ್ಳು ಇರೋದಿಲ್ಲ, ಮೀನು ಒದ್ದಾಡಿದರೆ ಕಳಚಿಕೊಳ್ಳುತ್ತದೆ.

ಕೋಲು ಬಿದಿರಿನದು. ಒಳಗೆ ಪೊಳ್ಳಿಲ್ಲದ, ಸಣ್ಣ ಗಾತ್ರದ ಗಟ್ಟಿ ಬಿದಿರೇ ಬೇಕು. ಹತ್ತು ಹನ್ನೆರಡು ಅಡಿ ಸಾಕು. ಹಸಿ ಬಿದಿರಿನಲ್ಲಿರುವ ಗಂಜಿ ತಿನ್ನೋಕೆ ಹುಳು ಬೀಳುತ್ತದೆ. ಅದಕ್ಕೇ ಎರಡು ಮೂರು ವಾರ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ನೆರಳಿನಲ್ಲಿ ಒಣಗಿಸುತ್ತೇನೆ. ಬಿಸಿಲಿಗೆ ಹಾಕಿದರೆ ಸೀಳು ಬಿಡುತ್ತದೆ. ಸೊಟ್ಟ ಇರುವ ಕಡೆ ಒಲೆಯ ಉರಿಗೆ ಹಿಡಿದು, ಬಗ್ಗಿಸಿ, ತಣ್ಣಗಾಗುವವರೆಗೆ ಬಿಡದೆ ಹಿಡಿದಿರಬೇಕು. ದಾರವನ್ನು ತುದಿಗೆ ಮಾತ್ರ ಕಟ್ಟಬೇಡಿ. ಕೋಲಿನ ಉದ್ದಕ್ಕೂ ಅಲ್ಲಲ್ಲಿ ಬಿಗಿದು, ಹಿಡಿಯ ಹತ್ತಿರ ಗಂಟು ಹಾಕಿ. ತುದಿ ಮುರಿದರೂ ಮೀನು ಕೈಲೇ ಇರುತ್ತದೆ.

ನನಗೆ ಜಾಸ್ತಿ ಇಷ್ಟದ ಕೆಲಸ ಬೆಂಡು ಮಾಡೋದು, ಅಂದರೆ ಮೀನು ಕಚ್ಚಿದ್ದನ್ನು ತೋರಿಸೋ ತೇಲುವ ತುಂಡು. ಕಿತ್ತುಹೋದ ಹವಾಯಿ ಚಪ್ಪಲಿಯಿಂದ ಅಡಿಕೆ ಗಾತ್ರದ ತುಂಡು ಕತ್ತರಿಸಿ, ಬ್ಲೇಡಿನಲ್ಲಿ ಮೂಲೆ ಕೆತ್ತಿ ದುಂಡಗೆ ಮಾಡುತ್ತೇನೆ. ಕಾಯಿಸಿದ ತಂತಿಯಿಂದ ನಡುವೆ ತೂತು. ಆ ತೂತಿನಲ್ಲಿ ದಾರ ತೂರಿಸಿ, ಪಕ್ಕಕ್ಕೆ ತೆಂಗಿನ ಪೊರಕೆ ಕಡ್ಡಿ ಸಿಗಿಸಿದರೆ ಬೆಂಡು ನಿಂತಲ್ಲೇ ನಿಲ್ಲುತ್ತದೆ. ಕಡ್ಡಿ ಸಡಿಲ ಮಾಡಿದರೆ ಮೇಲೆ ಕೆಳಗೆ ಸರಿಯುತ್ತದೆ. ಇದು ಬೇಕೇ ಬೇಕು. ಯಾಕಂದರೆ ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ. ಯಾವುದು ಬೇಕೋ ಅದರ ಆಳಕ್ಕೆ ಗಾಳ ಇಳಿಸಬೇಕು. ಭಾರಕ್ಕೆ ಸೈಕಲ್ ಶಾಪಿನ ಹಳೇ ನಟ್ಟು. ಮನೆಯಲ್ಲೇ ಬಕೆಟ್ ನೀರಿಗೆ ಬಿಟ್ಟು ನೋಡಿ. ಕಡ್ಡಿಯ ತುದಿ ಮಾತ್ರ ಮೇಲೆ ಕಾಣಬೇಕು. ಇಡೀ ಬೆಂಡು ತೇಲುತ್ತಿದ್ದರೆ ಭಾರ ಸಾಲದು, ಮೀನು ಮೆಲ್ಲಗೆ ಕಚ್ಚಿದ್ದು ನಿಮಗೆ ಗೊತ್ತೇ ಆಗಲ್ಲ. ಮಗಳ ನೈಲ್ ಪಾಲಿಶ್ ಒಂದು ಹನಿ ಕಡ್ಡಿಯ ತುದಿಗೆ. (ಕೇಳದೆ ತೆಗೆದರೆ ಮನೆಯಲ್ಲಿ ರಂಪ.)

ಭಾರಕ್ಕೆ ಸೀಸ ಕರಗಿಸಿ ಗುಂಡು ಹೊಯ್ಯುವವರೂ ಇದ್ದಾರೆ. ಸೀಸ 327 ಡಿಗ್ರಿಗೆ ಕರಗುತ್ತದೆ, ಒಲೆಯಲ್ಲೇ ಆಗಿಬಿಡುತ್ತದೆ. ಆದರೆ ಅದು ವಿಷ, ಅಡುಗೆಮನೆ ಹತ್ತಿರವೂ ತರಬೇಡಿ. ದೂರ ಎಸೆಯೋಕೆ ನನಗೆ ಉದ್ದನೆಯ ಕಲ್ಲೇ ಸಾಕು. ಅದನ್ನು ಹೊಲಿಗೆ ದಾರದಲ್ಲಿ ಕಟ್ಟುತ್ತೇನೆ. ಬಂಡೆ ಸಂದಿಗೆ ಸಿಕ್ಕಿಕೊಂಡರೆ ಆ ದಾರ ಮಾತ್ರ ಕಿತ್ತು, ಗಾಳ ವಾಪಸ್ ಬರುತ್ತದೆ.

ಹೀಗೆ ದೂರ ಎಸೆಯುವಾಗ ಕೋಲು ಬೇಡ, ರೀಲಿನ ಬದಲು ಒಂದು ಲೀಟರ್ ನೀರಿನ ಬಾಟಲಿ. ಮೈ ನುಣುಪಾಗಿರುವುದನ್ನು ಆರಿಸಿ, ದಾರದ ತುದಿಯನ್ನು ಬಾಟಲಿಗೆ ಭದ್ರವಾಗಿ ಕಟ್ಟಿ ಸುತ್ತಿ. ಕತ್ತು ಹಿಡಿದು ಬುಡವನ್ನು ನೀರಿನ ಕಡೆ ತಿರುಗಿಸಿ ಕಲ್ಲು ಎಸೆದರೆ ದಾರ ಸರಸರ ಬಿಚ್ಚಿಕೊಂಡು ಹೋಗುತ್ತದೆ.

ಗಾಳಕ್ಕೆ ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ. ಒಣದಾರ ಉಜ್ಜಿ ಬಿಸಿಯಾದರೆ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಜಿಲೇಬಿಗೆ ಎರೆಹುಳು. ರೋಹುಗೆ ರಾತ್ರಿ ಉಳಿದ ರಾಗಿಮುದ್ದೆ, ಕಡಲೆಕಾಯಿ ಹಿಂಡಿಯ ಪುಡಿ, ಜೊತೆಗೆ ಹತ್ತಿಯ ಎಳೆ ಸೇರಿಸಿ ನಾದಿದ ಉಂಡೆ. ಹತ್ತಿ ಇಲ್ಲದಿದ್ದರೆ ನೀರಿಗೆ ಬಿದ್ದ ಕೂಡಲೇ ಕರಗಿಹೋಗುತ್ತದೆ. "ಮುದ್ದೆ ಮೀನಿಗೆ ಹಾಕ್ತೀಯೇನೋ" ಅಂತ ಅಮ್ಮ ಬಯ್ಯೋದು ಇದ್ದದ್ದೇ.

ಡ್ಯಾಮಿನ ಗೋಡೆ ಹತ್ತಿರ ಹೋಗಬೇಡಿ. ರಾಮನಾಥಪುರ, ಶೃಂಗೇರಿಯ ಮೀನುಗಳಿಗಂತೂ ಯಾರೂ ಗಾಳ ಹಾಕೋದಿಲ್ಲ, ಅವು ದೇವರ ಮೀನು. ಊರ ಕೆರೆಯಾದರೆ ಮೀನಿನ ಗುತ್ತಿಗೆ ಯಾರದು ಅಂತ ವಿಚಾರಿಸಿ, ಅವರನ್ನು ಒಂದು ಮಾತು ಕೇಳಿಯೇ ಕೂರಿ.