ಅಪ್ಪ-ಅಮ್ಮನ ಜೊತೆ ವಿಯೆನ್ನಾ: ವಾರಾಂತ್ಯಕ್ಕೆ ನಾನು ಹಾಕಿದ ಲೆಕ್ಕ

ಮ್ಯೂನಿಕ್‌ನಲ್ಲಿರುವ ನಮ್ಮಂಥವರ ಮನೆಗೆ ಊರಿಂದ ಅಪ್ಪ-ಅಮ್ಮ ಬಂದರೆ ಪ್ಯಾರಿಸ್, ರೋಮ್, ಸ್ವಿಟ್ಜರ್ಲೆಂಡ್ ಅಂತ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಮೇ ತಿಂಗಳ ಒಂದು ವಾರಾಂತ್ಯಕ್ಕೆ ನಾನು ವಿಯೆನ್ನಾ ಒಂದನ್ನೇ ಆರಿಸಿಕೊಂಡೆ. ರೈಲಿನಲ್ಲಿ ಸುಮಾರು ನಾಲ್ಕು ಗಂಟೆ, ವಿಮಾನ ನಿಲ್ದಾಣದ ಸಾಲುಗಳಿಲ್ಲ, ಇಳಿದದ್ದೇ ಊರೊಳಗೆ. ಎಪ್ಪತ್ತು ದಾಟಿದ ಇಬ್ಬರನ್ನು ಕರೆದುಕೊಂಡು ಹೋಗುವಾಗ ಅವರ ಶಕ್ತಿ ದಾರಿಯಲ್ಲೇ ಮುಗಿದುಹೋಗಬಾರದು.

ನೋಡಬೇಕಾದ ಜಾಗಗಳ ಪಟ್ಟಿಯನ್ನು ನಾನು ಮೊದಲು ಮಾಡಲೇ ಇಲ್ಲ. ಒಂದು ಹಾಳೆಯಲ್ಲಿ ಶುಕ್ರವಾರ, ಶನಿವಾರ, ಭಾನುವಾರ ಎಂದು ಬರೆದು, ಯಾವ ದಿನ ಯಾವುದಕ್ಕೆ ಬಾಗಿಲು ಹಾಕಿರುತ್ತದೆ ಎಂದು ತುಂಬಿದೆ. ಆಸ್ಟ್ರಿಯಾದಲ್ಲಿ ಭಾನುವಾರ ಬಹುತೇಕ ಎಲ್ಲ ಅಂಗಡಿಗಳೂ ಮುಚ್ಚಿರುತ್ತವೆ, ಹೆಸರುವಾಸಿ ನಾಷ್‌ಮಾರ್ಕ್ಟ್ ಸಂತೆಯೂ ಸೇರಿ. ಹಾಗಾಗಿ ಸಂತೆ ಶನಿವಾರಕ್ಕೆ ಹೋಯಿತು, ಮ್ಯೂಸಿಯಂ ಭಾನುವಾರಕ್ಕೆ ಬಂತು. ಆಮೇಲೆ ನನಗೆ ನಾನೇ ಹಾಕಿಕೊಂಡ ಕಟ್ಟು ಒಂದೇ: ದಿನಕ್ಕೆ ಟಿಕೆಟ್ ಕೊಟ್ಟು ಒಳಗೆ ಹೋಗುವ ಜಾಗ ಒಂದು ಮಾತ್ರ, ಅದೂ ಬೆಳಿಗ್ಗೆ, ಕಾಲು ಚೈತನ್ಯದಿಂದ ಇರುವಾಗ. "ಪಕ್ಕದ ಸ್ಲೊವಾಕಿಯಾದ ಬ್ರಾಟಿಸ್ಲಾವಾ ಒಂದೇ ಗಂಟೆ ದಾರಿ, ಅದನ್ನೂ ಮುಗಿಸಿ ಬನ್ನಿ" ಎಂದವರಿದ್ದರು. ಮುಗಿಸಲಿಕ್ಕೆ ನಾವು ಹೊರಟಿರಲಿಲ್ಲ.

ರೈಲಿನ ವಿಷಯ ಬೇಗ ಹೇಳಿಬಿಡುತ್ತೇನೆ. ಆಸ್ಟ್ರಿಯಾ ರೈಲ್ವೆಯ ಅಗ್ಗದ ಟಿಕೆಟ್‌ಗೆ ಷ್ಪಾರ್‌ಷೀನೆ ಎನ್ನುತ್ತಾರೆ. ಬೇಗ ಕಾಯ್ದಿರಿಸಿದಷ್ಟು ದರ ಕಡಿಮೆ, ಆದರೆ ಆ ಒಂದು ರೈಲಿಗೆ ಮಾತ್ರ ನಡೆಯುತ್ತದೆ. ಸೀಟು ಬೇಕಿದ್ದರೆ ಅದನ್ನು ಬೇರೆಯಾಗಿ ಕಾಯ್ದಿರಿಸಬೇಕು. ಹಿರಿಯರಿದ್ದರೆ ಆ ಹಣ ಉಳಿಸಲು ಹೋಗಬೇಡಿ. ಅಪ್ಪ-ಅಮ್ಮನ ವೀಸಾ ಜರ್ಮನಿಯದಾದರೂ ಷೆಂಗೆನ್ (ಯುರೋಪಿನ ಅನೇಕ ದೇಶಗಳಿಗೆ ಒಂದೇ ವೀಸಾ) ಆದ್ದರಿಂದ ಆಸ್ಟ್ರಿಯಾಕ್ಕೂ ಅದೇ ಸಾಕು. ವೀಸಾಕ್ಕಾಗಿ ಮಾಡಿಸಿದ 30,000 ಯೂರೋ ವೈದ್ಯಕೀಯ ವಿಮೆಯೂ ಇಡೀ ಷೆಂಗೆನ್ ವಲಯಕ್ಕೆ ಅನ್ವಯಿಸುತ್ತದೆ. ಅದರ ಒಂದು ಪ್ರತಿ ಜೊತೆಗಿಟ್ಟುಕೊಂಡೆ.

ಉಳಿಯಲು ಮುಖ್ಯ ನಿಲ್ದಾಣದ ಹತ್ತಿರವೇ ಅಡುಗೆಮನೆ ಇರುವ ಒಂದು ಅಪಾರ್ಟ್‌ಮೆಂಟ್ ಹಿಡಿದೆ. ನೋಟ ಏನೂ ಇಲ್ಲ, ಆದರೆ ಅಲ್ಲಿಂದ ಯು1 ಮೆಟ್ರೋದಲ್ಲಿ ಮೂರನೇ ನಿಲ್ದಾಣವೇ ಷ್ಟೆಫಾನ್ಸ್‌ಪ್ಲಾಟ್ಸ್, ಊರಿನ ನಟ್ಟನಡುವೆ. ಭಾನುವಾರವೂ ತೆರೆದಿರುವ ಸೂಪರ್‌ಮಾರ್ಕೆಟ್ ರೈಲು ನಿಲ್ದಾಣದೊಳಗೇ ಇದೆ. ರಾತ್ರಿ ಊಟಕ್ಕೆ ಮೊಸರನ್ನ ಸಿಕ್ಕರೆ ಅಮ್ಮ ಮರುದಿನ ಎಷ್ಟು ಬೇಕಾದರೂ ನಡೆಯುತ್ತಾರೆ ಎನ್ನುವುದು ನನಗೆ ಗೊತ್ತಿತ್ತು. ಸಸ್ಯಾಹಾರಿಗಳು ಅಲ್ಲಿನ ಸೂಪ್ ವಿಷಯದಲ್ಲಿ ಎಚ್ಚರವಾಗಿರಿ: ತರಕಾರಿ, ದೋಸೆಯಂಥ ಪ್ಯಾನ್‌ಕೇಕಿನ ಚೂರು ಕಂಡರೂ ಕೆಳಗಿರುವುದು ದನದ ಮಾಂಸದ ಸಾರೇ ಆಗಿರಬಹುದು. ಹಿಟ್ಟಿನ ಪುಟ್ಟ ತುಣುಕುಗಳಿಗೆ ಚೀಸ್ ಹಾಕಿದ ಷ್ಪೆಟ್ಸ್‌ಲೆ, ಕೈಸರ್‌ಷ್ಮಾರ್ನ್ ಎಂಬ ಸಿಹಿ ಪ್ಯಾನ್‌ಕೇಕ್ ಎರಡರಲ್ಲೂ ಮೊಟ್ಟೆ ಇರುತ್ತದೆ. ನಾಷ್‌ಮಾರ್ಕ್ಟ್‌ನ ಫಲಾಫೆಲ್, ಹಮ್ಮಸ್, ಆಲಿವ್‌ಗಳೇ ನಮ್ಮನ್ನು ಕಾಪಾಡಿದ್ದು.

ಶನಿವಾರದ ದಿನವನ್ನು ಯು4 ಎಂಬ ಒಂದೇ ಮೆಟ್ರೋ ಗೆರೆಯ ಮೇಲೆ ಕಟ್ಟಿದೆ. ನನಗೆ ಬಹಳ ತೃಪ್ತಿ ಕೊಟ್ಟ ಯೋಜನೆ ಇದು. ಬೆಳಿಗ್ಗೆ ಷೋನ್‌ಬ್ರುನ್ ಅರಮನೆ. ಟಿಕೆಟ್‌ನಲ್ಲಿ ಒಳಗೆ ಹೋಗುವ ಹೊತ್ತು ನಮೂದಾಗಿರುತ್ತದೆ, ಆದ್ದರಿಂದ ಮನೆಯಿಂದಲೇ ಕಾಯ್ದಿರಿಸಿದ್ದೆ. 1,441 ಕೋಣೆಗಳ ಅರಮನೆಯಲ್ಲಿ ಪ್ರವಾಸಿಗರಿಗೆ ತೋರಿಸುವುದು ನಲವತ್ತರಷ್ಟು, ಅದೇ ಧಾರಾಳವಾಯಿತು. ಆರು ವರ್ಷದ ಮೊಜಾರ್ಟ್ 1762ರಲ್ಲಿ ರಾಣಿ ಮರಿಯಾ ತೆರೇಸಾ ಎದುರು ನುಡಿಸಿದ್ದು ಇಲ್ಲೇ. ಹಿಂದಿನ ವಿಶಾಲ ತೋಟಕ್ಕೆ ದುಡ್ಡಿಲ್ಲ; ಗುಡ್ಡದ ಮೇಲಿನ ಕಮಾನು ಮಂಟಪ ಗ್ಲೋರಿಯೆಟ್‌ವರೆಗೆ ಹತ್ತುವುದನ್ನು ಬಿಟ್ಟು ಬೆಂಚಿನ ಮೇಲೆ ಕೂತೆವು. ಅದೇ ಗೆರೆಯಲ್ಲಿ ಕೆಟ್ಟೆನ್‌ಬ್ರುಕೆನ್‌ಗಾಸೆ ಇಳಿದರೆ ಸಂತೆ, ಊಟ. ಆಮೇಲೆ ಮನೆಗೆ ಬಂದು ಮಧ್ಯಾಹ್ನದ ನಿದ್ದೆ. ನಿದ್ದೆಯನ್ನೂ ಹಾಳೆಯಲ್ಲಿ ಬರೆದಿದ್ದೆ.

ಸಂಜೆ ಮತ್ತೆ ಅದೇ ಗೆರೆಯ ನಿಲ್ದಾಣ ಕಾರ್ಲ್ಸ್‌ಪ್ಲಾಟ್ಸ್, ಪಕ್ಕದಲ್ಲೇ 1869ರಲ್ಲಿ ತೆರೆದ ಸರ್ಕಾರಿ ಒಪೆರಾ (ಸಂಗೀತ ನಾಟಕ) ಮಂದಿರ. ಕಡಿಮೆ ದರದಲ್ಲಿ ನಿಂತು ನೋಡುವ ಜಾಗಗಳಿವೆ. ಜನ ಕಂಬಿಗೆ ಶಾಲು ಕಟ್ಟಿ ತಮ್ಮ ಸ್ಥಳ ಗುರುತಿಸಿಕೊಳ್ಳುತ್ತಾರೆ. ಅಪ್ಪನ ಮಂಡಿಗೆ ಅದು ಆಗದ ಮಾತು. ವಸಂತದ ತಿಂಗಳುಗಳಲ್ಲಿ ಮತ್ತು ಸೆಪ್ಟೆಂಬರ್‌ನಲ್ಲಿ ಅನೇಕ ಸಂಜೆ ಒಳಗಿನ ಪ್ರದರ್ಶನವನ್ನು ಹೊರಗಿನ ದೊಡ್ಡ ಪರದೆಯ ಮೇಲೆ ಉಚಿತವಾಗಿ ತೋರಿಸುತ್ತಾರೆ, ಕುರ್ಚಿಗಳೂ ಇರುತ್ತವೆ. ಮೇ ತಿಂಗಳನ್ನು ಆರಿಸಿಕೊಳ್ಳಲು ಇದೂ ಒಂದು ಕಾರಣ. ಜುಲೈ-ಆಗಸ್ಟ್‌ನಲ್ಲಿ ಬಂದಿದ್ದರೆ ಒಪೆರಾಕ್ಕೇ ರಜೆ.

ಭಾನುವಾರಕ್ಕೆ ಚಿತ್ರಕಾರ ಕ್ಲಿಮ್ಟ್‌ನ ಪ್ರಸಿದ್ಧ ಚಿತ್ರ 'ಚುಂಬನ'ವೋ ಹದಿನಾರನೇ ಶತಮಾನದ ಚಿತ್ರಕಾರ ಬ್ರ್ಯೂಗಲ್‌ನ ಹಳ್ಳಿಗಳೋ ಎಂಬ ಆಯ್ಕೆ ಇತ್ತು. ಅಪ್ಪ ತೋಟದಲ್ಲಿ ಬೆಳೆದವರು. ನಾನು ಬ್ರ್ಯೂಗಲ್ ಎಂದೆ. ಕುನ್ಸ್ಟ್‌ಹಿಸ್ಟೋರಿಷೆಸ್ ಮ್ಯೂಸಿಯಂನಲ್ಲಿ ಅವನ ಹನ್ನೆರಡು ಚಿತ್ರಗಳಿವೆ, ಜಗತ್ತಿನ ಬೇರೆ ಯಾವ ಕಡೆಯೂ ಅಷ್ಟಿಲ್ಲ. ಲಿಫ್ಟ್‌ನಲ್ಲಿ ಮೇಲೆ ಹೋಗಿ ನೇರ ಆ ಕೋಣೆಗೇ ಹೋದೆವು, ಸೋಫಾ ಮೇಲೆ ಕೂತೆವು. 1565ರ ಎರಡು ಚಿತ್ರಗಳು: ಹಿಮದಲ್ಲಿ ಬೇಟೆಯಿಂದ ಮರಳುವವರು, ಹಟ್ಟಿಗೆ ಮರಳುವ ದನಗಳ ಹಿಂಡು. ಅಪ್ಪ ಬಹಳ ಹೊತ್ತು ನಿಂತದ್ದು ರೈತರ ಮದುವೆ ಊಟದ ಚಿತ್ರದ ಮುಂದೆ. ಅದರಲ್ಲಿ ಇಬ್ಬರು ಕಳಚಿದ ಬಾಗಿಲನ್ನೇ ಹಲಗೆ ಮಾಡಿಕೊಂಡು ಊಟದ ತಟ್ಟೆಗಳನ್ನು ಹೊತ್ತು ತರುತ್ತಿದ್ದಾರೆ. "ನಮ್ಮ ಕಡೆ ಮದುವೇಲಿ ಬಡಿಸೋ ಗಡಿಬಿಡೀನೇ ಕಣೋ ಇದು" ಎಂದರು. ಆ ಕಟ್ಟಡದಲ್ಲಿ ಬೇರೇನನ್ನೂ ನಾವು ನೋಡಲಿಲ್ಲ, ನೋಡಬೇಕು ಅಂತಲೂ ಅನ್ನಿಸಲಿಲ್ಲ.

ನಂತರ ಟ್ರಾಮ್. ಊರ ಕೋಟೆಯನ್ನು ಕೆಡವಿ ರಸ್ತೆ ಮಾಡಲು ಚಕ್ರವರ್ತಿ ಫ್ರಾಂಜ್ ಜೋಸೆಫ್ 1857ರಲ್ಲಿ ಆಜ್ಞೆ ಹೊರಡಿಸಿದ. ಅದೇ ರಿಂಗ್ ರಸ್ತೆ. ಸಂಸತ್ತು, ಪುರಭವನ, ವಿಶ್ವವಿದ್ಯಾಲಯ ಎಲ್ಲ ಇದರ ದಡದಲ್ಲೇ ಇರುವುದರಿಂದ ಮಾಮೂಲಿ ಟ್ರಾಮ್‌ನ ಕಿಟಕಿಯೇ ಸಾಕು, ಪ್ರವಾಸಿ ಬಸ್ ಬೇಡ. ಗಂಟೆ ಲೆಕ್ಕದ ಪಾಸ್ ಕಾಗದದ್ದಾದರೆ ಮೊದಲ ಸಲ ಹತ್ತುವ ಮುನ್ನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಗೇಟುಗಳಿಲ್ಲ, ಆದರೆ ತಪಾಸಣೆ ಇದೆ. ಷ್ವಾರ್ಟ್ಸೆನ್‌ಬರ್ಗ್‌ಪ್ಲಾಟ್ಸ್‌ನಲ್ಲಿ ಇಳಿದು ದೊಡ್ಡ ಕಾರಂಜಿ ನೋಡಿದೆವು. ಆಲ್ಪ್ಸ್‌ನ ಬುಗ್ಗೆ ನೀರು ಕೊಳವೆಯಲ್ಲಿ 1873ರಲ್ಲಿ ಊರಿಗೆ ಬಂದ ನೆನಪಿಗೆ ಅದು. ಇಂದಿಗೂ ನಲ್ಲಿಯಲ್ಲಿ ಬರುವುದು ಬೆಟ್ಟದ ನೀರೇ, ಬಾಟಲಿ ಕೊಳ್ಳಬೇಕಿಲ್ಲ. ಕಾಫಿ ಮನೆಗಳಲ್ಲಿ ಕಾಫಿ ಜೊತೆ ಒಂದು ಲೋಟ ಇದೇ ನೀರು ತಂದಿಡುತ್ತಾರೆ, ಎಷ್ಟು ಹೊತ್ತು ಕೂತರೂ ಎಬ್ಬಿಸುವುದಿಲ್ಲ.

ವಾಪಸು ರೈಲಿಗೆ ಸಂಜೆಯ ಹೊತ್ತನ್ನೇ ಆರಿಸಿ. ಜರ್ಮನಿ ಗಡಿಯಲ್ಲಿ ಪೊಲೀಸರು ಹತ್ತಿ ದಾಖಲೆ ಕೇಳುವುದುಂಟು, ಪಾಸ್‌ಪೋರ್ಟ್‌ನ ಫೋಟೋ ಸಾಲದು. ಮೂವರ ಪಾಸ್‌ಪೋರ್ಟ್, ನನ್ನ ವಾಸದ ಪರವಾನಗಿ ಕಾರ್ಡ್ ಎಲ್ಲವೂ ಅಮ್ಮನ ಕೈಚೀಲದಲ್ಲಿದ್ದವು, ಸೂಟ್‌ಕೇಸಿನಲ್ಲಲ್ಲ.